ಮೀನುಬಲೆಯ ಕೋಳಿಗೂಡು

ನಮ್ಮ ಮಾವನಷ್ಟು ಕಾಳಜಿಯಿಂದ ಕೋಳಿ ಕಾಪಾಡಿದವರು ಇಡೀ ಮಂಗಳೂರಿನಲ್ಲಿ ಇರಲಿಲ್ಲ. ಅವರಷ್ಟು ಕೋಳಿ ಕೊಂದವರೂ ಇರಲಿಲ್ಲ! ನರಿ, ಮುಂಗುಸಿ, ಕಾಡುಬೆಕ್ಕುಗಳೆಲ್ಲ ಒಟ್ಟು ಸೇರಿದರೂ ಆಗದ ಕೆಲಸವನ್ನು ಇವರೊಬ್ಬರೇ, ಅದೂ ಪ್ರೀತಿಯಿಂದ, ಮಾಡಿ ಮುಗಿಸಿದರು.

ಮಾವ ಎಂದರೆ ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನರು. ನಲವತ್ತು ವರ್ಷ ಕಡಲಿಗೆ ದೋಣಿ ಇಳಿಸಿ, ಸೊಂಟ ಹಿಡಿದ ಮೇಲೆ ಮಣ್ಣಗುಡ್ಡದಲ್ಲಿ ಹಂಚಿನ ಮನೆ ಕಟ್ಟಿ ಕೂತವರು. ಕೂತವರು ಸುಮ್ಮನೆ ಕೂರಬಾರದೇ? ನಾನು ಎರಡನೆಯ ಹೆರಿಗೆಗೆಂದು ಬಂದದ್ದೇ ತಡ, ಉಳ್ಳಾಲದಿಂದ ಆರು ಹೇಂಟೆಗಳನ್ನು ತಂದರು. ಹಿಂದಿನ ವರ್ಷ ಹುಟ್ಟಿದ ನನ್ನ ಮಗು ಎಂಟೇ ದಿನ ಬದುಕಿತ್ತು. ಆಮೇಲೆ ನಾನು ಎಲುಬಿನ ಹಂದರವಾಗಿದ್ದೆ. ನಮ್ಮಲ್ಲಿ ಬಾಣಂತಿಗೆ ಊರಕೋಳಿಯ ಕಾಳುಮೆಣಸಿನ ಸಾರು ಕೊಡುವುದು ರೂಢಿ.

"ಈ ಸಲ ಎಂತದೂ ಕಡಿಮೆ ಆಗಬಾರದು. ಆರು ಕೋಳಿಯೂ ಇವಳಿಗೇ," ಎಂದು ಮಾವ ಸಾರಿದರು.

ಹೆರಿಗೆಗೆ ಇನ್ನೂ ನಾಲ್ಕೈದು ತಿಂಗಳಿತ್ತು. ಅಲ್ಲಿಯವರೆಗೆ ಆರು ಕೋಳಿಗಳನ್ನು ಜೀವಂತ ಇಡಬೇಕು, ಅಷ್ಟೇ. ಇದೇನು ಲಂಕೆಗೆ ಸೇತುವೆ ಕಟ್ಟುವ ಕೆಲಸವೇ?

"ಕುಕ್ಕೆ ಕವುಚಿದರೆ ಸಾಕಲ್ಲ ಅಣ್ಣ?" ಎಂದಳು ಅಮ್ಮ.

"ಕುಕ್ಕೆಯಾ! ಅದು ನರಿಗೆ ಮುಚ್ಚಿಟ್ಟ ಊಟ. ನಿನಗೆಂತ ಗೊತ್ತುಂಟು?"

ಸರಿ, ಗೂಡು ಎದ್ದಿತು. ಮುರಕಲ್ಲಿನ ಗೋಡೆ, ಮೇಲೆ ಹಂಚು, ಸಂದುಸಂದಿಗೂ ಗಾರೆ, ದೇವರ ಭಂಡಾರಕ್ಕೆ ಇಡುವಂಥ ಹಲಗೆಬಾಗಿಲು. ಇರುವೆ ನುಸುಳಲು ಜಾಗವಿರಲಿಲ್ಲ. ಮೇ ತಿಂಗಳ ಸೆಕೆಯಲ್ಲಿ ನಾವೇ ಜಗಲಿಯಲ್ಲಿ ಬೀಸಣಿಗೆ ಹಿಡಿದು ಬೇಯುತ್ತಿದ್ದೆವು. ಮೂರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ನಾಲ್ಕು ಕೋಳಿಗಳು ಕೊಕ್ಕು ಬಿಟ್ಟುಕೊಂಡು ಏದುತ್ತಿದ್ದವು. ಎರಡಕ್ಕೆ ಏದುವ ಕಷ್ಟವೂ ಉಳಿದಿರಲಿಲ್ಲ.

"ನರಿಯ ಬಾಯಿಗಂತೂ ಬೀಳಲಿಲ್ಲವಲ್ಲ!" ಎಂದರು ಮಾವ, ಎದೆಯುಬ್ಬಿಸಿ.

ಗಾಳಿ ಬೇಕೆಂದು ತಿಳಿಯಿತಲ್ಲ, ಒಂದು ಬದಿಯ ಗೋಡೆ ಒಡೆದು ಬಿದಿರ ಸರಳು ಹಾಕಿದರು. ಯಾವ ಬದಿಯದು? ಪಡುವಣದ್ದು! ನಲವತ್ತು ವರ್ಷ ಕಡಲಲ್ಲಿ ಕಳೆದ ಮನುಷ್ಯನಿಗೆ ಮಳೆ ಯಾವ ದಿಕ್ಕಿನಿಂದ ಬರುತ್ತದೆಂದು ನೆನಪಾಗಲಿಲ್ಲ. ಜೂನ್ ಹಿಡಿಯಿತು. ಪಡುವಣ ಗಾಳಿ ಮಳೆಯನ್ನು ಹೊತ್ತು ತಂದು ನೇರ ಗೂಡಿಗೇ ಸುರಿಯಿತು. ನೆಲದಲ್ಲಿ ಪಾದ ಮುಳುಗುವಷ್ಟು ನೀರು. ಇನ್ನೊಂದು ಕೋಳಿ ನಡುಗುತ್ತಾ ತೂಕಡಿಸಿ ಹೋಯಿತು.

"ಮಾವ, ಉಳಿದದ್ದಕ್ಕೆ ಈಜು ಕಲಿಸ್ತೀರಾ?" ಎಂದು ಕೇಳಿದೆ.

"ನೀನು ಬಸುರಿ, ಸುಮ್ಮನಿರು," ಎಂದರು. ಉತ್ತರವಿಲ್ಲದಾಗೆಲ್ಲ ಇದೇ ಉತ್ತರ.

ಮೂರನೆಯ ಗೂಡು, ಹೇಳಲು ಹೊಟ್ಟೆ ಉರಿಯುತ್ತದೆ, ನಿಜಕ್ಕೂ ಚೆನ್ನಾಗಿತ್ತು. ಎದೆಯೆತ್ತರದ ಕಂಬಗಳ ಮೇಲೆ ಬಿದಿರ ಅಟ್ಟ, ನೀರು ಜಾರುವ ತೆಂಗಿನ ಮಡಲಿನ ಮಾಡು, ಮೂಡುಬದಿಗೆ ಕಿಂಡಿ. ಕಿಂಡಿಗೆ ಮಾತ್ರ ತಮ್ಮ ಹಳೆಯ ಮೀನುಬಲೆಯನ್ನು ಬಿಗಿದರು. ಒಂದೇ ದಿನದಲ್ಲಿ ಊರಿನ ಬೆಕ್ಕುಗಳೆಲ್ಲ ಅದರ ಕೆಳಗೆ ಪಂಕ್ತಿಯಲ್ಲಿ ಕೂತವು! ನಮಗೆ ಅರ್ಥವೇ ಆಗಲಿಲ್ಲ. ಪಕ್ಕದ ಮನೆಯ ಭಟ್ಟರು, ದೇವಸ್ಥಾನದ ಪೂಜೆಯವರು, ಪಾಗಾರದ ಗೋಡೆಯಾಚೆ ಮೂಗು ಮುಚ್ಚಿ ನಿಂತರು.

"ಎಂತ ಮಾರಾಯ್ರೆ, ಗೂಡಲ್ಲಿ ಕೋಳಿ ಉಂಟಾ, ಬಂಗುಡೆ ಉಂಟಾ?"

"ವಾಸನೆಯಾ? ಎಲ್ಲಿ?" ಎಂದು ಮಾವ ಬಲೆಗೆ ಮೂಗು ತುರುಕಿದರು. ಅಮ್ಮ ಮೂಸಿದಳು. ನಾನೂ ಮೂಸಿದೆ. ಯಾರಿಗೂ ಏನೂ ಬರಲಿಲ್ಲ. ಹುಟ್ಟಿದಂದಿನಿಂದ ಮೀನಿನ ನಡುವೆ ಬೆಳೆದ ಮೂಗುಗಳು ನಮ್ಮವು; ಅದು ನಮಗೆ ಬರೀ ಗಾಳಿ.

"ಭಟ್ರಿಗೆ ಭ್ರಮೆ!" ಎಂದು ಮಾವ ತೀರ್ಪು ಕೊಟ್ಟರು. ಮರುಬೆಳಿಗ್ಗೆ ಬಲೆ ಹರಿದಿತ್ತು, ಎರಡು ಕೋಳಿಗಳ ಪುಕ್ಕ ಅಂಗಳದಲ್ಲಿ ಹಾರಾಡುತ್ತಿತ್ತು. ಉಳಿದ ಒಂದನ್ನು ಅಮ್ಮ ಎತ್ತಿಕೊಂಡು ಹೋಗಿ ಅಡುಗೆಕೋಣೆಯಲ್ಲಿ ಕುಕ್ಕೆ ಕವುಚಿದಳು. ಅದು ಅಲ್ಲೇ ಸುಖವಾಗಿ ಕೊಬ್ಬಿತು!

ನನಗೆ ಹೆಣ್ಣುಮಗು ಹುಟ್ಟಿತು. ಆರು ಕೋಳಿಯ ಬಾಣಂತನ ಒಂದು ಕೋಳಿಯಲ್ಲಿ ಮುಗಿಯಿತು. ಮಾವ ನನ್ನ ಕೋಣೆಯತ್ತ ಸುಳಿಯಲೇ ಇಲ್ಲ. "ಬರಲಿಕ್ಕೆ ಮುಖ ಎಲ್ಲಿ ಉಂಟು!" ಎಂದು ಅಮ್ಮನ ಹತ್ತಿರ ಆಡಿಕೊಂಡೆ. ಅವರ ದಯೆಯಿಂದ ರುಚಿ ಹತ್ತಿದ ಬೆಕ್ಕುಗಳು ಅಂಗಳ ಬಿಟ್ಟಿರಲಿಲ್ಲ. ಈಗ ಹಾಲಿನ ವಾಸನೆಗೆ ನನ್ನ ಕಿಟಕಿಗೇ ಹತ್ತುತ್ತಿದ್ದವು. ಕಣ್ಣು ಮುಚ್ಚಲು ಹೆದರಿ ಮಗುವನ್ನು ಎದೆಗೊತ್ತಿಕೊಂಡೇ ಇರುತ್ತಿದ್ದೆ. ಎಂಟನೆಯ ದಿನ ಕಳೆಯಿತು.

ಒಂಬತ್ತನೆಯ ಬೆಳಿಗ್ಗೆ ಹೊರಗೆ ಮಾವನ ದನಿ ಕೇಳಿಸಿತು. ಅಮ್ಮನಿಗೆ ಹೇಳುತ್ತಿದ್ದರು: "ತೊಟ್ಟಿಲಿಗೆ ಬಟ್ಟೆ ಮುಚ್ಚಬೇಡ, ಮಗುವಿಗೆ ಗಾಳಿ ಬೇಕು. ಪಡುವಣ ಕಿಟಕಿಯ ಹತ್ತಿರವೂ ಬೇಡ, ಎರಚಲು ಬರ್ತದೆ."

ಕಿಟಕಿಯಿಂದ ಇಣುಕಿದೆ. ಅವರ ಕೈಯಲ್ಲಿ ತೊಟ್ಟಿಲಿಗೆ ಮುಚ್ಚುವಷ್ಟೇ ಅಗಲದ ಬಲೆ ಇತ್ತು, ಬಿಳಿಯದು, ಹೊಸದಾಗಿ ಹೆಣೆದದ್ದು. ಅಷ್ಟು ದಿನ ಅವರು ಮುಖ ತಪ್ಪಿಸಿಕೊಂಡು ಮಾಡಿದ್ದು ಇದು! ಅದನ್ನು ಹಿಡಿದು ಪಾಗಾರದ ಬಳಿ ಹೋದರು. ಆಚೆ ಭಟ್ಟರು ಸ್ನಾನ ಮಾಡಿ, ಮಡಿಯುಟ್ಟು ಹೂ ಕೊಯ್ಯುತ್ತಿದ್ದರು.

"ಭಟ್ರೇ, ಇದನ್ನೊಮ್ಮೆ ಮೂಸಿ ನೋಡ್ತೀರಾ? ನೂಲು ಹೊಸದು, ಹೆಣೆದ ಕೈ ಹಳೆಯದು. ಅಂಟುವಾಳ ಹಾಕಿ ಮೂರು ಸಲ ಒಗೆದಿದ್ದೇನೆ. ಆದರೆ ನನ್ನ ಮೂಗನ್ನು ನಂಬಲಿಕ್ಕಾಗುವುದಿಲ್ಲ."

ಯಾರ ಮಾತನ್ನೂ ನಂಬದೆ ಐದು ಕೋಳಿ ಕಳೆದ ನಮ್ಮ ಮಾವ!

ಭಟ್ಟರು ಹೂಬುಟ್ಟಿ ಕೆಳಗಿಟ್ಟು, ಮಡಿಯನ್ನೂ ಮರೆತು ಪಾಗಾರದ ಮೇಲೆ ಬಾಗಿ ಮೂಸಿದರು. "ಎಂತದೂ ಇಲ್ಲ ಮಾರಾಯ್ರೆ. ಬರೀ ಅಂಟುವಾಳ."

ಮಾವ ಕೈ ಹಿಂದೆ ತೆಗೆಯಲಿಲ್ಲ.

"ಇನ್ನೊಮ್ಮೆ ಮೂಸಿ ಭಟ್ರೇ. ಮಗು ಮಲಗುವ ಜಾಗ."

ಭಟ್ಟರು ಇನ್ನೊಮ್ಮೆ ಮೂಸಿದರು.