ಹಗ್ಗದ ಮೇಲಿನ ಸೀರೆಯನ್ನು ಬಾವುಟವೆಂದು ಪರಿಗಣಿಸುವ ಬಗ್ಗೆ

ಕಡತ ಸಂಖ್ಯೆ: ಬಟ್ಟೆ/ಬಾವುಟ/ಭಾಂಡುಪ್/೪೨/೬೮
ಮುಂಬಯಿ, ದಿನಾಂಕ ೧೨-೧೧-೧೯೬೮

ವಿಷಯ: ಚಾಳಿನ ಗ್ಯಾಲರಿಗಳಲ್ಲಿ ಒಣಗುವ ಬಟ್ಟೆಗಳಿಂದ ಉಂಟಾಗುವ ಭಾಷಾ ಉದ್ರೇಕ ಹಾಗೂ ಖೋಲಿ ನಂ. ೯ರ ಭಾಗವ್ವ ಅವರ ಸೀರೆ ವಾಪಸಾತಿ ಕುರಿತು.

ಉಲ್ಲೇಖ: ೧) ಲೋಕಲ್ ಗಾಡಿಯ ಕಿಟಕಿಯಿಂದ ಕಂಡದ್ದರ ಬಗ್ಗೆ, ಹೆಸರು ಬರೆಯದ ಹಿತಚಿಂತಕರ ದೂರು. ೨) ಭಾಗವ್ವ ಅವರ ಅರ್ಜಿ, ಹೆಬ್ಬೆಟ್ಟು ಸಹಿತ.

೧. ನವೆಂಬರ್ ಒಂದರಂದು ಭಾಂಡುಪ್‌ನ ಹಳಿ ಪಕ್ಕದ ಚಾಳಿನಲ್ಲಿ ಹಳದಿ ಮೈ, ಕೆಂಪು ಅಂಚಿನ ಬಟ್ಟೆಯೊಂದು ಗಾಳಿಗೆ ಹಾರುತ್ತಿತ್ತೆಂದೂ, ಅದು ಕನ್ನಡದವರ ಬಾವುಟವಾಗಿದ್ದು ಈ ನಗರವನ್ನು ಕೆಣಕುವ ಉದ್ದೇಶ ಹೊಂದಿದೆಯೆಂದೂ ದೂರು ಬಂದ ಮೇರೆಗೆ, ಸದರಿ ಬಟ್ಟೆಯನ್ನು ಎರಡು ಕ್ಲಿಪ್ಪುಗಳ ಸಮೇತ ವಶಪಡಿಸಿಕೊಳ್ಳಲಾಗಿದೆ.

೨. ಕಟ್ಟಡಗಳಲ್ಲಿ ಇಟ್ಟಿಗೆ ಹೊರುವ ಭಾಗವ್ವ ನೀಡಿದ ಹೇಳಿಕೆ, ಯಥಾವತ್ತಾಗಿ: “ಸಾಹೇಬ್ರ, ಅದು ಝಂಡಾ ಅಲ್ರೀ, ನನ್ನ ಸೀರಿ. ಐತ್ವಾರ ಮಗಳ ಕುಬಸ ಐತ್ರಿ. ಉಟ್ಕೊಳ್ಳಾಕ ಛಲೋದು ಅದೊಂದ ಐತಿ. ಕೊಟ್ಟ ಬಿಡ್ರಿ.” ಕುಬಸವೆಂದರೆ ಬಸುರಿ ಮಗಳಿಗೆ ತವರಿನವರು ಮಾಡುವ ಸಮಾರಂಭವೆಂದು ವಿಚಾರಣೆಯಿಂದ ತಿಳಿದುಬಂದಿದೆ. ಸದರಿ ಬಸಿರು ಭಾಷಾ ಚಳವಳಿಗೆ ಸಂಬಂಧಿಸಿದ್ದಲ್ಲವೆಂಬುದಕ್ಕೆ ದಾಖಲೆ ಸಲ್ಲಿಕೆಯಾಗಿಲ್ಲ.

೩. ದೂರು ಮರಾಠಿಯಲ್ಲಿದ್ದು, ಅದರಲ್ಲಿ ‘ಬಾವಟಾ’ ಎಂಬ ಪದವಿದೆ. ಅನುವಾದಕ ಶಂಕ್ರೆಪ್ಪ ಅದನ್ನು ಕನ್ನಡಕ್ಕೆ ‘ಬಾವುಟ’ ಎಂದು ಅನುವಾದಿಸಿರುತ್ತಾರೆ. ಜಗಳದಲ್ಲಿರುವ ಎರಡು ಭಾಷೆಗಳು ಒಂದೇ ಪದವನ್ನು ಬಳಸುವುದು ಜಗಳದ ಶಿಸ್ತಿಗೆ ವಿರುದ್ಧವಾದುದರಿಂದ, ಶಂಕ್ರೆಪ್ಪನವರಿಗೆ ಮೈಗಳ್ಳತನದ ನೋಟೀಸು ಜಾರಿ ಮಾಡಲಾಗಿದೆ.

೪. ಇನ್ನು ಮುಂದೆ ಒಣಹಾಕಿದ ಬಟ್ಟೆ ಹಳದಿ-ಕೆಂಪಾಗಿದ್ದರೆ ಕನ್ನಡವೆಂದೂ, ಬರೀ ಕೆಂಪಾಗಿದ್ದರೆ ಗಿರಣಿ ಮುಷ್ಕರವೆಂದೂ, ಬಿಳಿಯಾಗಿದ್ದರೆ ಶರಣಾಗತಿಯೆಂದೂ ಪರಿಗಣಿಸತಕ್ಕದ್ದು. ಬಣ್ಣ ಪೂರ್ತಿ ಹೋದ ಬಟ್ಟೆಗೆ ಆಕ್ಷೇಪವಿಲ್ಲ. ಖೋಲಿ ನಂ. ೧೦ರ ರೋಷನಬಿ ಅವರ ಹಸಿರು ಓಢಣಿಯ ಬಗ್ಗೆ ಪ್ರತ್ಯೇಕ ಆದೇಶ ಹೊರಡಲಿದ್ದು, ಅಲ್ಲಿಯವರೆಗೆ ಅದು ಒದ್ದೆಯಾಗಿಯೇ ಇರತಕ್ಕದ್ದು.

೫. ಗಾಳಿಯಿಲ್ಲದಾಗ ಬಟ್ಟೆ, ಗಾಳಿ ಬೀಸಿದಾಗ ಬಾವುಟ ಎಂಬುದು ಇಲಾಖೆಯ ಖಚಿತ ನಿಲುವಾಗಿದೆ. ಗಾಳಿ ಬೀಸುವುದಕ್ಕೆ ಮೂರು ದಿನ ಮೊದಲು ನಿವಾಸಿಗಳು ಲಿಖಿತ ಅನುಮತಿ ಪಡೆಯತಕ್ಕದ್ದು.

೬. ಸೀರೆ ಎಳೆದುಕೊಳ್ಳುವಾಗ ಸಿಬ್ಬಂದಿ ತಮ್ಮನ್ನು ‘ಏ ಮದ್ರಾಸಿ’ ಎಂದು ಹೀಯಾಳಿಸಿದರೆಂದು ಭಾಗವ್ವ ನೊಂದುಕೊಂಡಿರುತ್ತಾರೆ. ಸದರಿಯವರು ವಿಜಾಪುರದ ಕಡೆಯವರಾಗಿದ್ದು, ಮದ್ರಾಸನ್ನು ಕಂಡವರೇ ಅಲ್ಲ. ಆದಕಾರಣ ಸದರಿ ಬೈಗುಳ ತಪ್ಪು ವಿಳಾಸಕ್ಕೆ ಹೋಗಿದ್ದು, ಅವರಿಗೆ ತಲುಪಿಯೇ ಇಲ್ಲವೆಂದು ತೀರ್ಮಾನಿಸಲಾಗಿದೆ. ಮಾಟುಂಗದಲ್ಲಿ ನಿಜವಾದ ಮದ್ರಾಸಿನವರು ಯಾರಾದರೂ ಇದ್ದಲ್ಲಿ, ಕಚೇರಿ ವೇಳೆಯಲ್ಲಿ ಖುದ್ದಾಗಿ ಬಂದು ಸದರಿ ನೋವನ್ನು ಪಡೆದುಕೊಳ್ಳಬಹುದು.

೭. ಸೀರೆ ವಾಪಸಾತಿ: ಕಲಂ ೧ರಂತೆ ಅದು ಬಾವುಟವೆಂದು ದಾಖಲಾಗಿದೆ. ಬಾವುಟವನ್ನು ಉಡುವುದು ಅಗೌರವ. ಭಾಗವ್ವ ಅದನ್ನು ಉಡುವುದಾಗಿ ತಾವೇ ಒಪ್ಪಿಕೊಂಡಿದ್ದಾರೆ. ಆದ್ದರಿಂದ ವಾಪಸು ಕೊಡಲು ಬರುವುದಿಲ್ಲ. ಬಾವುಟಕ್ಕೆ ಸಲ್ಲಬೇಕಾದ ಗೌರವವನ್ನು ಇಲಾಖೆ ಸಲ್ಲಿಸುತ್ತಿದ್ದು, ಉಗ್ರಾಣದಲ್ಲಿ ಅದರ ಮುಂದೆ ಹಾದುಹೋಗುವ ಸಿಬ್ಬಂದಿ ಟೋಪಿ ತೆಗೆಯುತ್ತಿದ್ದಾರೆ.

೮. ಹೀಗಿದ್ದರೂ ಕಳೆದ ಭಾನುವಾರ ಕುಬಸ ನಡೆದೇಹೋಗಿದೆ. ಭಾಗವ್ವ ಅಂದು ಎದುರಿನ ಖೋಲಿ ನಂ. ೧೪ರ ಮರಾಠಿ ಮಹಿಳೆ ಗಂಗುಬಾಯಿ ಅವರ ಮದುವೆ ಸೀರೆ ಉಟ್ಟು ಮಗಳಿಗೆ ಆರತಿ ಬೆಳಗಿದ್ದು ತನಿಖೆಯಿಂದ ತಿಳಿದುಬಂದಿದೆ. ಅದೂ ಹಳದಿ ಮೈ, ಕೆಂಪು ಅಂಚು. ಮರುದಿನ ಗಂಗುಬಾಯಿ ಅದನ್ನು ಒಗೆದು, ಅದೇ ಹಗ್ಗದ ಮೇಲೆ, ಅದೇ ಲೋಕಲ್ ಹೊತ್ತಿಗೆ ಹರವಿರುತ್ತಾರೆ. ಇದು ಯಾರ ಬಾವುಟವೆಂದು ನಿರ್ಧರಿಸಲು ಇಲಾಖೆಗೆ ಸಾಧ್ಯವಾಗಿಲ್ಲ. ವಶಪಡಿಸಿಕೊಳ್ಳಲು ಹೋದ ಜವಾನ ದಾನಪ್ಪನವರಿಗೆ ಸದರಿ ಗಂಗುಬಾಯಿ, ಬಟ್ಟೆ ಬಡಿಯುವ ಕೋಲು ಹಿಡಿದು, “ಹಾತ್ ಲಾವೂನ್ ಬಘ್” ಎಂದಿರುತ್ತಾರೆ. ‘ಮುಟ್ಟಿ ನೋಡು’ ಎಂಬ ಇದನ್ನು ಅನುಮತಿಯೆಂದು ಭಾವಿಸಿದ ದಾನಪ್ಪನವರು ಈಗ ವೈದ್ಯಕೀಯ ರಜೆಯಲ್ಲಿದ್ದಾರೆ.

ಮೇಲ್ಕಂಡ ಸೂಚನೆಗಳನ್ನು ಚಾಚೂತಪ್ಪದೆ ಪಾಲಿಸುವಂತೆ, ಖೋಲಿ ನಂ. ೧೪ರ ಹೊರತಾಗಿ ಸರ್ವರಿಗೂ ಈ ಮೂಲಕ ತಿಳಿಸಲಾಗಿದೆ.

ಸಹಿ/-
(ಓದಲು ಬರುವುದಿಲ್ಲ)
ಹಿರಿಯ ಅಧೀಕ್ಷಕರು, ಒಣಗುವ ವಸ್ತುಗಳ ಶಾಖೆ

ಪ್ರತಿಗಳು:
೧. ಹಿತಚಿಂತಕರಿಗೆ: ಅವರು ಕೂರುವ ಕಿಟಕಿಯ ವಿಳಾಸಕ್ಕೆ.
೨. ಭಾಗವ್ವ, ಖೋಲಿ ನಂ. ೯: ಓದಲು ಬಾರದವರಾದ್ದರಿಂದ ಎರಡು ಪ್ರತಿ.
೩. ಶಂಕ್ರೆಪ್ಪ: ‘ಸೀರೆ’ ಪದವನ್ನು ಮರಾಠಿಗೆ ಅನುವಾದಿಸುವಾಗ ಮತ್ತೆ ಅದೇ ಪದ ಬಾರದಂತೆ ಎಚ್ಚರ ವಹಿಸಲು.
೪. ಗಂಗುಬಾಯಿ, ಖೋಲಿ ನಂ. ೧೪: ಅಂಚೆ ಮೂಲಕ ಮಾತ್ರ.