ಲಂಗದ ಸಿಪಾಯಿಗಳೂ ನಮ್ಮೂರಿನ ಕಲ್ಯಾಣ ಮಂಟಪವೂ

ಟಿಕೆಟ್ ಕಿಂಡಿಯ ಹಿಂದೆ ಕೂತವಳಿಗೆ ಸಿನಿಮಾ ನೋಡುವ ಯೋಗ ಇರುವುದಿಲ್ಲ, ಸಿನಿಮಾ ನೋಡಿ ಬಂದವರ ಮುಖ ನೋಡುವ ಯೋಗ ಮಾತ್ರ ಇರುತ್ತದೆ. ಇಷ್ಟು ವರ್ಷದಲ್ಲಿ ನನಗೆ ಅರ್ಥವಾದದ್ದು ಇಷ್ಟೇ: ಒಳಗೆ ಓಡುವುದು ಒಂದೇ ಸಿನಿಮಾ, ಹೊರಗೆ ಬರುವುದು ತಲೆಗೊಂದು ಸಿನಿಮಾ. ವಾರ ವಾರವೂ ಹೀಗೇ ಆಗುತ್ತದೆ. ನಾನು ನಕ್ಕು ಮರೆತುಬಿಡುತ್ತೇನೆ. ಆದರೆ ಆ ಒಂದು ವಾರದ್ದನ್ನು ಮರೆಯುವ ಹಾಗಿಲ್ಲ, ಯಾಕೆಂದರೆ ಆ ವಾರ ನನ್ನ ಕಿಂಡಿಯೇ ಮುಚ್ಚುವುದರಲ್ಲಿತ್ತು.

ನಮ್ಮದು ತಮಿಳುನಾಡಿನ ಕಂಬಂ ಪಕ್ಕದ ಸಣ್ಣ ಊರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಷ್ಟೋ ತಲೆಮಾರಿನ ಹಿಂದೆ ನಮ್ಮವರು ಹೊಳೆ ದಾಟಿ ಈ ಕಡೆ ಬಂದರಂತೆ. ಬರುವಾಗ ತಂದ ಕನ್ನಡಕ್ಕೆ ಇಲ್ಲಿನ ತಮಿಳು ಚೆನ್ನಾಗಿ ಬೆರೆತು, ಈಗ ಕರ್ನಾಟಕದವರು ಯಾರಾದರೂ ನಮ್ಮ ಮಾತು ಕೇಳಿದರೆ ಸ್ವಲ್ಪ ಹೊತ್ತು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಸಿನಿಮಾಕ್ಕೆ ನಾವು ‘ಪಡ’ ಅನ್ನುತ್ತೇವೆ, ಜಗಳಕ್ಕೆ ‘ಸಂಡೆ’ ಅನ್ನುತ್ತೇವೆ, ‘ಪಾಪ’ ಅನ್ನುವ ಕಡೆ ‘ಪಾವ’ ಅನ್ನುತ್ತೇವೆ, ಮಾಲೀಕರಿಗೆ ‘ಮೊದಲಾಳಿ’ ಅನ್ನುತ್ತೇವೆ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು.

ನಮ್ಮ ಥಿಯೇಟರಿನ ಮೊದಲಾಳಿಗೆ ದ್ರಾಕ್ಷಿ ವ್ಯಾಪಾರ. ಥಿಯೇಟರ್ ಕಟ್ಟಿಸಿದ್ದು ಅವರ ಅಪ್ಪ. ಇವರಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೆ. ಮಗನ ಮದುವೆ ನಿಶ್ಚಯವಾದದ್ದೇ ತಡ, ಅವರ ತಲೆಗೊಂದು ಹುಳ ಹೊಕ್ಕಿತು. ಕುರ್ಚಿ ಕಿತ್ತು ಥಿಯೇಟರನ್ನು ಕಲ್ಯಾಣ ಮಂಟಪ ಮಾಡುವುದು, ಅದರಲ್ಲಿ ಮೊದಲ ಮದುವೆ ಮಗನದ್ದೇ ಮಾಡುವುದು. ನಾನು ಬೇಡಿಕೊಂಡೆ. ಆ ಕಿಂಡಿ ಬಿಟ್ಟರೆ ನನಗೆ ಬೇರೆ ಕೆಲಸ ಗೊತ್ತಿಲ್ಲ. ನಿಜ ಹೇಳಬೇಕೆಂದರೆ, ಬೇರೆ ಕೆಲಸ ಬೇಕಾಗಿಯೂ ಇಲ್ಲ. ಮೊದಲಾಳಿ ಕೆಟ್ಟವರಲ್ಲ, ಒಂದು ದಾರಿ ಬಿಟ್ಟರು.

“ಶುಕ್ರವಾರ ಬರೋ ಪಡ ನೋಡಿ ಜನ ಏನಂತಾರೆ, ಬಾಗ್ಲಲ್ಲಿ ನಿಂತು ಕೇಳು. ಚೆನ್ನಾಗೈತೆ ಅಂದ್ರೆ ಥಿಯೇಟರು. ಇಲ್ಲ ಅಂದ್ರೆ ಮಂಟಪ.”

ಶುಕ್ರವಾರ ಬಂದದ್ದು ತಮಿಳಿಗೆ ಡಬ್ ಮಾಡಿದ ಇಂಗ್ಲಿಷ್ ಸಿನಿಮಾ. ಯಾವುದೋ ಪುರಾತನ ಕಾಲದಲ್ಲಿ ರೋಮ್ ದೇಶದ ಸಿಪಾಯಿಗಳು ದೂರದ ನಾಡಿಗೆ ಯುದ್ಧಕ್ಕೆ ಹೋಗಿ, ಸೋತು, ಊರಿನ ದಾರಿ ತಪ್ಪಿ, ಕಾಡಿನ ಜನ ಬೆನ್ನಟ್ಟಿದ ಹಾಗೆಲ್ಲ ಒಬ್ಬೊಬ್ಬರಾಗಿ ಸಾಯುವ ಕಥೆ. ಹೆಸರು ಹಾಕಿ ಮುಗಿಯುವುದರೊಳಗೆ ಪರದೆ ಕೆಂಪಾಗಿತ್ತು. ತಲೆ ಒಂದು ಕಡೆ, ಮುಂಡ ಒಂದು ಕಡೆ. ಬಾಗಿಲ ಸಂದಿಯಿಂದ ಇಣುಕಿದ ನಾನು ಅಷ್ಟಕ್ಕೇ ಬಾಗಿಲು ಎಳೆದುಕೊಂಡೆ. ಇದನ್ನು ಚೆನ್ನಾಗಿದೆ ಅನ್ನುವ ಪುಣ್ಯಾತ್ಮ ಯಾರು?

ಹೊಲಿಸುವಾಗಲೇ ಮಡಿಚಿದ್ದು

ಮೊದಲ ಆಟಕ್ಕೆ ಪಕ್ಕದ ಊರು ಕಾಮಯಗೌಂಡನ್‌ಪಟ್ಟಿಯಿಂದ ಒಬ್ಬ ತಾತ ಬಂದಿದ್ದರು. ದ್ರಾಕ್ಷಿ ತೋಟದವರು, ಯಾವ ಸಿನಿಮಾ ಬಂದರೂ ಮೊದಲ ಆಟಕ್ಕೆ ಹಾಜರು. ಹೊರಗೆ ಬಂದವರನ್ನು ತಡೆದೆ.

“ಹೆಂಗಿತ್ತು ತಾತ ಪಡ?”

“ಅದಿರ್ಲಿ ತಾಯಿ, ಸಂಡೆಗೆ ನಿಲ್ಲೋ ಗಂಡ್ಸು ಮೊದಲು ಏನ್ ಮಾಡ್ತಾನೆ?”

“ಬೈತಾನೆ.”

“ಅದಕ್ಕೂ ಮೊದಲು.”

ನಾನು ಯೋಚಿಸಿದೆ. ನಮ್ಮ ಕಡೆ ಗಂಡಸರು ಜಗಳಕ್ಕೆ ಇಳಿಯುವ ಮುಂಚೆ ಉಟ್ಟ ಪಂಚೆಯನ್ನು, ನಮ್ಮ ಮಾತಲ್ಲಿ ವೇಷ್ಟಿಯನ್ನು, ಮೊಣಕಾಲಿನ ಮೇಲಕ್ಕೆ ಮಡಿಚಿ ಕಟ್ಟುತ್ತಾರೆ. ಅವನು ಕಟ್ಟುವಷ್ಟರಲ್ಲಿ ಎದುರಿನವನಿಗೆ ಬುದ್ಧಿ ಬರುತ್ತದೆ, ಅಕ್ಕಪಕ್ಕದವರು ಓಡಿ ಬರುತ್ತಾರೆ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

“ವೇಷ್ಟಿ ಮಡಿಚ್ತಾನೆ,” ಅಂದೆ.

“ಹಾಂ! ಇವ್ರನ್ನ ನೋಡು, ಮೊಣಕಾಲಿನ ಮೇಲೆ ಲಂಗ. ಹೊಲಿಸೋವಾಗ್ಲೇ ಮಡಿಚಿ ಹೊಲಿಸ್ಕೊಂಡವ್ರೆ. ಸಮಾಧಾನ ಮಾಡೋಕೆ ಟೈಮೇ ಇಲ್ಲ. ಸಾಯ್ದೆ ಇನ್ನೇನ್ ಮಾಡ್ತಾರೆ ಪಾವ!”

ಸಂಜೆ ಮೊದಲಾಳಿಗೆ ವರದಿ ಒಪ್ಪಿಸಿದೆ. “ಅಂದ್ರೆ ಚೆನ್ನಾಗೈತಂತಾ, ಇಲ್ವಂತಾ?” ಅಂತ ಕೇಳಿದರು. “ಬಟ್ಟೆ ಸರಿಯಿಲ್ಲವಂತೆ ಮೊದಲಾಳಿ,” ಅಂದೆ. ಆವತ್ತಿನಿಂದ ಊರಲ್ಲಿ ಆ ಸಿನಿಮಾದ ನಿಜವಾದ ಹೆಸರು ಯಾರಿಗೂ ಬೇಡವಾಯಿತು. ‘ಲಂಗದ ಸಿಪಾಯಿ ಪಡಕ್ಕೆ ಎರಡು ಟಿಕೆಟ್ ಕೊಡಕ್ಕಾ’ ಅಂತಲೇ ಕೇಳುತ್ತಿದ್ದರು.

ಕಸಾಯಿ ಅಣ್ಣನ ಧೈರ್ಯ

ಬಜಾರಿನಲ್ಲಿ ಮಟನ್ ಅಂಗಡಿ ಇಟ್ಟಿರುವ ಅಣ್ಣ ಹೆಂಡತಿಯ ಜೊತೆ ಬಂದಿದ್ದ. ಆಳು ಹೆಬ್ಬಾಗಿಲಿನಷ್ಟು ಅಗಲ, ಮೀಸೆಯೇ ಒಂದು ಕೇಜಿ ತೂಗೀತು. ಬೇರೆ ಯಾರು ಹೆದರಿದರೂ ಇವನಂತೂ ಚೆನ್ನಾಗಿದೆ ಅಂದೇ ಅನ್ನುತ್ತಾನೆ ಅಂತ ನನಗೆ ಧೈರ್ಯ.

ಸಿನಿಮಾ ಬಿಟ್ಟಾಗ ನೋಡುತ್ತೇನೆ, ಹೆಂಡತಿ ಚಕ್ಕುಲಿ ಕಡಿಯುತ್ತಾ ಆರಾಮಾಗಿ ಬರುತ್ತಿದ್ದಾಳೆ. ಅಣ್ಣ ಅವಳ ಸೆರಗು ಹಿಡಿದುಕೊಂಡು ಹಿಂದೆ ಬರುತ್ತಿದ್ದಾನೆ. ಮುಖ ಸುಣ್ಣ ಬಳಿದ ಗೋಡೆ.

“ಇವ್ರು ಮೊದಲ್ನಿಂದ ಕೊನೆವರ್ಗೂ ಕಣ್ಣು ಮುಚ್ಕೊಂಡಿದ್ರು ಅಕ್ಕಾ. ನಾನೇ ಕಥೆ ಹೇಳ್ತಾ ಬಂದೆ. ಈಗ ಕೈ ಹೋಯ್ತು, ಈಗ ಕಾಲು ಹೋಯ್ತು ಅಂತ,” ಅಂದಳು ಹೆಂಡತಿ.

ನನಗೆ ನಗು ತಡೆಯಲಾಗಲಿಲ್ಲ. “ಏನಣ್ಣಾ, ದಿನ ಬೆಳಗಾದ್ರೆ ಕತ್ತಿ ಹಿಡಿಯೋ ಕೈ ನಿಂದು! ನಿಂಗೂ ಭಯವಾ?”

“ನೀನು ಸುಮ್ನಿರಕ್ಕಾ,” ಅಂದ ಅವನು. ಸೆರಗು ಇನ್ನೂ ಬಿಟ್ಟಿರಲಿಲ್ಲ. “ರೋಮ್‌ನೋನು ರೋಮ್ ಭಾಷೇಲಿ ಕೂಗಿ ಸತ್ತಿದ್ರೆ ತಾಳ್ಕೋತಿದ್ದೆ. ಆ ಪಾಪಿ ಸಾಯೋವಾಗ ‘ಅಯ್ಯೋ ಅಮ್ಮಾ’ ಅಂತ ತಮಿಳಲ್ಲಿ ಕೂಗ್ತಾನೆ. ನಮ್ಮ ಪಕ್ಕದ್ಮನೆಯೋನು ಸತ್ತಂಗಾಯ್ತು.”

“ಹಂಗಾದ್ರೆ ನಾಳೆ ಅಂಗಡಿ ರಜವಾ?”

“ಯಾಕೆ ರಜ? ಆಡು ತಮಿಳು ಮಾತಾಡ್ತೈತಾ?”

ಮೇಲಿನಿಂದ ಇಳಿದು ಬಂದವರು

ಶನಿವಾರ ಬೋಡಿಮೆಟ್ಟಿನ ಏಲಕ್ಕಿ ತೋಟಗಳಿಂದ ಒಂದು ಜೀಪು ಹೆಂಗಸರು ಇಳಿದರು. ಬೆಟ್ಟದ ಮೇಲೆ ಅವರಿಗೆ ವರ್ಷವೆಲ್ಲ ಮಂಜು, ಕೆಸರು, ಏಲಕ್ಕಿ ಗಿಡದ ಬುಡ. ಸಿನಿಮಾದ ಕಾಡೂ ಹಾಗೇ ಇತ್ತು, ಹೊಗೆಯಂಥ ಮಂಜಿನಲ್ಲಿ ಸಿಪಾಯಿಗಳು ದಿನಗಟ್ಟಲೆ ನಡೆಯುತ್ತಾರೆ. ಇವರಿಗೆ ಮನಸ್ಸಿಗೆ ಹತ್ತಿರವಾದೀತು ಅಂದುಕೊಂಡೆ.

“ಎಲ್ಲಾ ಸುಳ್ಳು ಅಕ್ಕಾ,” ಅಂದಳು ಅವರಲ್ಲಿ ಹಿರಿಯಳು, ಕಡ್ಡಿ ಮುರಿದ ಹಾಗೆ.

“ಯಾವುದು? ತಲೆ ಹಾರೋದಾ?”

“ಅದು ಹಾರ್ಲಿ ಬಿಡು, ಕತ್ತಿ ಐತೆ, ಹಾರ್ತೈತೆ. ಅಷ್ಟು ದಿನ ಮಳೆ ಕಾಡಲ್ಲಿ ಬರೀ ಕಾಲಲ್ಲಿ ನಡೆದ್ರಲ್ಲ, ಒಬ್ಬನ ಕಾಲಿಗಾದ್ರೂ ಒಂದು ಜಿಗಣೆ ಹತ್ತಿತಾ? ಹೊತ್ತಿಗೊಂದು ಸಲ ಬಗ್ಗಿ ಕಾಲು ನೋಡ್ಕೊಂಡ್ರಾ? ಅವ್ರು ಕಾಡೇ ಕಂಡಿಲ್ಲ!”

ಉಳಿದವರೆಲ್ಲ ತಲೆಯಾಡಿಸಿದರು. ಆಡಿಸುತ್ತಲೇ, ಅಭ್ಯಾಸಬಲ ನೋಡಿ, ಒಬ್ಬೊಬ್ಬರಾಗಿ ಬಗ್ಗಿ ತಮ್ಮ ಕಾಲು ನೋಡಿಕೊಂಡರು.

ಬಳ್ಳಿಯ ತಪ್ಪೇನು?

ಅದೇ ದಿನ ಮಧ್ಯಾಹ್ನದ ಆಟದಲ್ಲಿ ನಾನು ಕಿಂಡಿ ಬಿಟ್ಟು ಒಳಗೆ ಓಡಬೇಕಾಯಿತು. ಹಾಲ್ ಪೂರ್ತಿ ಎದ್ದು ನಿಂತು ಕೂಗಾಡುತ್ತಿತ್ತು. ಯಾರೋ ಚಪ್ಪಲಿ ಎಸೆದಿದ್ದರು, ಅದು ಪರದೆ ಮುಟ್ಟದೆ ಮುಂದಿನ ಸಾಲಿನವನ ಬೆನ್ನಿಗೆ ಬಿದ್ದಿತ್ತು. ಆಶ್ಚರ್ಯವೆಂದರೆ, ಪೆಟ್ಟು ತಿಂದವನೂ ಪರದೆಯ ಕಡೆಗೇ ಬೈಯುತ್ತಿದ್ದ. ಆಪರೇಟರ್ ಹೆದರಿ ಸಿನಿಮಾ ನಿಲ್ಲಿಸಿ ದೀಪ ಹಾಕಿದ.

ಆದದ್ದು ಇಷ್ಟು. ಸಿಪಾಯಿಗಳು ಓಡುವಾಗ ಒಂದು ಹಳ್ಳಿ ಸಿಗುತ್ತದೆ, ಹಳ್ಳಿಯ ಸುತ್ತ ದ್ರಾಕ್ಷಿ ತೋಟ. ದಾರಿ ಮಾಡಿಕೊಳ್ಳಲು ಸಿಪಾಯಿಗಳು ಗೊಂಚಲು ತುಂಬಿದ ಬಳ್ಳಿಗಳನ್ನು ಕತ್ತಿಯಿಂದ ಕಡಿಯುತ್ತಾ ಹೋಗುತ್ತಾರೆ. ಹಾಲಿನಲ್ಲಿ ಕೂತಿದ್ದವರು ಮುಕ್ಕಾಲು ಪಾಲು ದ್ರಾಕ್ಷಿಯವರು. ಬಳ್ಳಿಗೆ ಗೂಟ ಕೊಟ್ಟು, ಚಪ್ಪರಕ್ಕೆ ಹಬ್ಬಿಸಿ, ಔಷಧಿ ಹೊಡೆದು, ಒಂದು ಜೋರು ಮಳೆ ಬಂದರೆ ನಿದ್ದೆಗೆಡುವ ಜನ.

“ಡೇಯ್, ಹಣ್ಣಿಗೆ ಬಂದಿರೋ ಬಳ್ಳೀನಾ ಕಡಿಯೋದು? ನಿನ್ನ ಕೈ ಸೇದಿಹೋಗ!” ಅಂತ ಒಬ್ಬಾಕೆ ಕುರ್ಚಿಯ ಮೇಲೆ ನಿಂತು ಶಾಪ ಹಾಕುತ್ತಿದ್ದಳು. ಗೊಂಚಲು ಕತ್ತರಿಸುವ ಕೂಲಿ ಕೆಲಸದವಳು, ತೋಟ ಅವಳದ್ದೂ ಅಲ್ಲ, ಅವಳ ಅಪ್ಪನದ್ದೂ ಅಲ್ಲ. ಕಣ್ಣಲ್ಲಿ ನೀರು ಮಾತ್ರ ನಿಜವಾದದ್ದು.

ನನಗೂ ರೇಗಿತು. “ಇಷ್ಟು ಹೊತ್ತು ಆಳುಗಳನ್ನ ಹಿಂಡುಗಟ್ಟಲೆ ಕಡಿದ್ರು. ಆಗ ಎಲ್ಲರೂ ಕಡಲೆಕಾಯಿ ತಿಂತಾ ಕೂತಿದ್ರಿ. ಈಗ ಬಳ್ಳಿ ಕಡಿದ್ರೆ ಥಿಯೇಟರ್ ಒಡೀತೀರಾ?”

ಆಕೆ ಕುರ್ಚಿಯಿಂದ ಇಳಿಯದೆಯೇ ನನ್ನನ್ನು ದುರುಗುಟ್ಟಿ ನೋಡಿದಳು.

“ಅವ್ರು ಸಾಯೋಕೆ ಅಂತ್ಲೇ ಕತ್ತಿ ಹಿಡ್ಕೊಂಡು ಬಂದೋರು ಅಕ್ಕಾ. ಬಳ್ಳಿ ಯಾರ ತಂಟೆಗೆ ಹೋಗಿತ್ತು?”

ಮುಂದೆ ಹಾಕು ಅಂತ ಆಪರೇಟರಿಗೆ ಕೂಗಿ ಕಿಂಡಿಗೆ ವಾಪಸ್ಸಾದೆ. ಮೊದಲಾಳಿಗೆ ಹೇಳಿದಾಗ, ಜನ ಗಲಾಟೆ ಮಾಡಿದ್ದನ್ನು ಬಿಟ್ಟು, “ಎಷ್ಟು ಬಳ್ಳಿ ಕಡಿದ್ರು?” ಅಂತ ಕೇಳಿದರು ಪುಣ್ಯಾತ್ಮರು.

ತಲೆಗೆ ನೀರು

ಹೀಗೆ ಬಂದ ಅಭಿಪ್ರಾಯಗಳೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಒಬ್ಬರಾದರೂ ಚೆನ್ನಾಗಿದೆ ಅನ್ನಲಿಲ್ಲ, ಒಬ್ಬರಾದರೂ ಚೆನ್ನಾಗಿಲ್ಲ ಅನ್ನಲಿಲ್ಲ. ಮೊದಲಾಳಿಗೆ ತಾಳ್ಮೆ ಮುಗಿಯಿತು. ಸೋಮವಾರ ಕುರ್ಚಿ ಕೀಳಲು ಆಳುಗಳನ್ನು ಗೊತ್ತುಮಾಡಿಬಿಟ್ಟರು. ನಾನು ಕಿಂಡಿಯ ಸುತ್ತ ಅಂಟಿಸಿದ್ದ ದೇವರ ಪಟಗಳನ್ನು ಒಂದೊಂದಾಗಿ ಬಿಡಿಸಿ ಕೈಚೀಲಕ್ಕೆ ಹಾಕಿಕೊಂಡೆ. ಅತ್ತೆ ಅಂತ ಸುಳ್ಳು ಹೇಳುವುದಿಲ್ಲ, ಅಳುವ ಹಾಗಂತೂ ಆಗಿತ್ತು.

ಭಾನುವಾರ ಮಧ್ಯಾಹ್ನ ಮೊದಲಾಳಿಯ ತಾಯಿ ಬಂದರು. ಊರಿಗೆಲ್ಲ ಅವರು ದೊಡ್ಡವ್ವ. ಎಂಬತ್ತು ದಾಟಿದೆ, ಬೆನ್ನು ಬಾಗಿದೆ, ಮಾತು ಬಾಗಿಲ್ಲ. ಸಿನಿಮಾಕ್ಕೆ ಬಂದವರಲ್ಲ, ಮೊಮ್ಮಗನ ಹಸೆಮಣೆ ಯಾವ ಕಡೆ ಹಾಕುವುದು ಅಂತ ಜಾಗ ನೋಡಲು ಬಂದವರು. ಒಳಗೆ ಆಟ ನಡೆಯುತ್ತಿತ್ತು. “ಮುಗಿಯೋವರ್ಗೂ ಕೂತ್ಕೋತೀನಿ ಬಿಡು,” ಅಂದರು. ನಾನು ಕೈಹಿಡಿದು ಕೊನೆಯ ಸಾಲಿನಲ್ಲಿ ಕೂರಿಸಿ, ಪಕ್ಕದಲ್ಲೇ ಕೂತೆ.

ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ‘ಪಾವ, ಪಾವ’ ಅನ್ನುವುದು ಶುರುವಾಯಿತು. ಸಿಪಾಯಿಗಳು ಸಾಯುತ್ತಾ ಹೋದಂತೆ ಅವರ ಸೆರಗು ಕಣ್ಣಿಗೆ ಹೋಯಿತು. ಕೊನೆಗೆ ಉಳಿದ ಒಬ್ಬ ಎಳೆಯ ಸಿಪಾಯಿ ಹೊಳೆಯ ದಡದವರೆಗೆ ಓಡಿ, ದಾಟಲಾಗದೆ, ‘ನನ್ನ ಊರು ಯಾವ ಕಡೆ’ ಅಂತ ಕೇಳುತ್ತಾ ಅಲ್ಲೇ ಬೀಳುತ್ತಾನೆ. ದೊಡ್ಡವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ನಮ್ಮೋರು ಓಡಿ ಬಂದಾಗ್ಲೂ ಹಿಂದೆ ಶತ್ರು, ಮುಂದೆ ಹೊಳೆ. ಹೊಂಗೆ ಮರ ಹೊಳೆಗೆ ಅಡ್ಡ ಬಗ್ಗಿ ದಾರಿ ಕೊಡ್ತು ಅಂತ ನಮ್ಮಜ್ಜಿ ಹೇಳೋರು. ಈ ಮಗೀಗೆ ಒಂದು ಗಿಡಾನೂ ಬಗ್ಗಲಿಲ್ವಲ್ಲೇ!”

ಎರಡು ಸಾವಿರ ವರ್ಷದ ಹಿಂದೆ ಎಲ್ಲೋ ಸತ್ತವನಿಗೆ ನಮ್ಮ ಕಂಬಂ ಕಣಿವೆಯಲ್ಲಿ ಅಳುವವರು ಒಬ್ಬರು ಸಿಕ್ಕಿದರು.

ಹೊರಗೆ ಬಂದವರೇ ದೊಡ್ಡವ್ವ ಮೆಟ್ಟಿಲಿನಲ್ಲಿ ನಿಂತರು. “ನೀರು ತಾ.”

ಕ್ಯಾಂಟೀನಿನಿಂದ ಲೋಟದಲ್ಲಿ ತಂದುಕೊಟ್ಟೆ.

“ಕುಡಿಯೋಕಲ್ಲ. ಬಿಂದಿಗೇಲಿ ತಾ. ಇಷ್ಟು ಸಾವು ನೋಡಿ ತಲೆಗೆ ನೀರು ಹಾಕ್ಕೊಳ್ದೆ ಮನೆಗೆ ಹೋಗೋದಾ?”

ಮಾತನಾಡಲು ಆಸ್ಪದ ಕೊಡದೆ, ಸೈಕಲ್ ಸ್ಟ್ಯಾಂಡಿನ ಪಕ್ಕದ ಕಲ್ಲಿನ ಮೇಲೆ ಕೂತು, ಉಟ್ಟ ಸೀರೆಯಲ್ಲೇ ತಲೆಗೆ ನೀರು ಹುಯ್ಯಿಸಿಕೊಂಡರು. ನೋಡುತ್ತಿದ್ದ ಹೆಂಗಸರಿಗೂ ಹೌದಲ್ಲ ಅನ್ನಿಸಿತೋ ಏನೋ, ನಾಲ್ಕಾರು ಜನ ಹಿಂದೆ ಸಾಲು ನಿಂತರು. ಅಷ್ಟರಲ್ಲಿ ಮೊದಲಾಳಿಯ ಕಾರು ಬಂತು. ತೊಟ್ಟಿಕ್ಕುತ್ತಿರುವ ತಾಯಿಯನ್ನು ನೋಡಿ ಕಾರಿನ ಬಾಗಿಲನ್ನೂ ಮುಚ್ಚದೆ ಓಡಿ ಬಂದರು.

“ಅವ್ವಾ! ಯಾರು ಹೋದ್ರು?”

“ಎಲ್ಲಾರೂ ಹೋದ್ರು ಮಗಾ. ಒಬ್ಬನೂ ಉಳೀಲಿಲ್ಲ.”

ನಾನು ವಿಷಯ ತಿಳಿಸಿದೆ. ಮೊದಲಾಳಿ ಉಸಿರು ಬಿಟ್ಟು ನಕ್ಕರು. “ಅವ್ವಾ, ಅದು ಪಡ!”

“ಪಡ ಆದ್ರೇನು? ಕಣ್ಣಾರೆ ಕಂಡಿದೀನಿ, ಮನಸಾರೆ ಅತ್ತಿದೀನಿ. ಅತ್ತ ಮೇಲೆ ಸಾವೇ. ಇಷ್ಟು ಹೆಣ ಬಿದ್ದಿರೋ ಜಾಗದಲ್ಲಿ ನನ್ನ ಮೊಮ್ಮಗನ ಹಸೆ ಹಾಸ್ತೀಯಾ?”

ಮೊದಲಾಳಿಯ ನಗು ನಿಂತಿತು. “ಈ ಒಂದು ಪಡ ತಾನೇ ಅವ್ವಾ, ಪೂಜೆ ಮಾಡಿಸಿ ಕಳೆದುಬಿಡೋಣ.” ಆಮೇಲೆ ಸಹಾಯಕ್ಕೆ ನನ್ನ ಕಡೆ ತಿರುಗಿದರು. “ಹೋದ ವಾರದ್ದು ಸಂಸಾರದ ಪಡ ಅಲ್ವೇನಮ್ಮಾ?”

“ಹೌದು ಮೊದಲಾಳಿ. ಅದರಲ್ಲಿ ಮಾವನೋರು ಸತ್ರು.”

“ಅದರ ಹಿಂದಿನ ವಾರ? ಕಾಮಿಡಿ ಅಲ್ವಾ?”

“ಕಾಮಿಡಿನೇ. ಹೆಣಾನೇ ಕಾಮಿಡಿ.”

“ರಜದಲ್ಲಿ ಮಕ್ಕಳ ಪಡ ಹಾಕಿದ್ವಲ್ಲ?”

“ಆನೆ ಸತ್ತಿತು ಮೊದಲಾಳಿ.”

ದೊಡ್ಡವ್ವ ಎರಡು ಕೈಯಲ್ಲೂ ಕೆನ್ನೆ ಬಡಿದುಕೊಂಡರು. “ಸಿವನೇ! ಇದು ಥಿಯೇಟ್ರಾ, ಮಸಾಣವಾ?”

ಮೊದಲಾಳಿಗೆ ಮದುವೆಗೆ ಬೇರೆ ಮಂಟಪ ಹುಡುಕುವ ಚಿಂತೆ ಹತ್ತಿತು. “ಹಂಗಾದ್ರೆ ಈ ಜಾಗಾನ ಏನ್ ಮಾಡ್ಲಿ ನೀನೇ ಹೇಳು,” ಅಂದರು ಸೋತ ದನಿಯಲ್ಲಿ.

ದೊಡ್ಡವ್ವ ಸೆರಗು ಹಿಂಡುತ್ತಾ ಹೇಳಿದರು: “ಏನ್ ಮಾಡ್ತೀಯ? ಸಾಯೋರಿಗೂ ಒಂದು ಜಾಗ ಬೇಡ್ವಾ? ಇಲ್ಲೇ ಸಾಯ್ಲಿ.”

ಕುರ್ಚಿ ಕೀಳುವ ಆಳುಗಳಿಗೆ ಅಲ್ಲಿಂದಲೇ ಫೋನ್ ಹೋಯಿತು, ಬರಬೇಡಿ ಅಂತ. ನಾನು ಕೈಚೀಲದಿಂದ ದೇವರ ಪಟಗಳನ್ನು ತೆಗೆಯುತ್ತಿದ್ದೆ. ಕಾರು ಹತ್ತುತ್ತಿದ್ದ ದೊಡ್ಡವ್ವ ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು. ಮಗನಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದರು:

“ಬರೋ ಶುಕ್ರವಾರ ಯಾರು ಸಾಯೋದು? ಬದ್ಲಿ ಸೀರೆ ತರ್ತೀನಿ.”