ಭಾವನ ಫ್ರೀಜರಿನ ಯೋಗಕ್ಷೇಮ

ನಮ್ಮ ಭಾವನಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳಿದರೆ ಅಕ್ಕನಿಗೆ ಸಿಟ್ಟು ಬರುತ್ತದೆ. ಆ ಮಾತು ಹೇಳುವ ಹಕ್ಕು ಅವಳೊಬ್ಬಳದೇ. ದಿನಕ್ಕೆ ನಾಲ್ಕು ಸಲ ಚಲಾಯಿಸುತ್ತಾಳೆ! ತಮಾಷೆಯೆಂದರೆ ಭಾವನ ಕಸುಬೂ ತಲೆಯದೇ. ದೆಹಲಿಯ ಒಂದು ಲ್ಯಾಬಿನಲ್ಲಿ ಅವರು ಮೆದುಳಿನ ಕ್ಯಾನ್ಸರ್ ಗಡ್ಡೆಗಳ ಜೀನುಗಳನ್ನು ಪರೀಕ್ಷಿಸುತ್ತಿದ್ದರು. ನಾನು ಎಂ.ಎ. ಓದಲು ಹೋಗಿ ಮಯೂರ್ ವಿಹಾರದ ಅವರ ಫ್ಲ್ಯಾಟಿನಲ್ಲಿ ಎರಡು ವರ್ಷ ಠಿಕಾಣಿ ಹೂಡಿದ್ದೆ. ಓದಿದ್ದು ಇತಿಹಾಸ, ಕಲಿತದ್ದು ಗಡ್ಡೆ.

ಆ ಮನೆಯ ಬೆಲ್ ಒತ್ತಿದವರು ಕೆಟ್ಟರು ಎಂದೇ ಲೆಕ್ಕ. ಬಾಗಿಲು ತೆಗೆದ ಭಾವ "ಬನ್ನಿ" ಅನ್ನುವ ಬದಲು "ಈಗ ನೀವು ಏನು ಮಾಡಿದಿರಿ, ಹೇಳಿ?" ಅನ್ನುತ್ತಿದ್ದರು. ಬಂದವರು ತಬ್ಬಿಬ್ಬು!

"ಬೆಲ್ ಒತ್ತಿದಿರಿ, ನಾನು ಎದ್ದು ಬಂದೆ. ನಮ್ಮ ಜೀವಕೋಶದ ಮೈಮೇಲೂ ಇಂಥ ಬೆಲ್ಲುಗಳಿವೆ, ರಿಸೆಪ್ಟರ್ ಅಂತ. ಬೆಳವಣಿಗೆಯ ಸಂದೇಶ ಹೊರಗಿನಿಂದ ಬಂದು ಒತ್ತಿದರೆ ಕೋಶ ಬೆಳೆಯುತ್ತೆ. ಈ ಗಡ್ಡೆಗಳಲ್ಲಿ ಏನಾಗಿರುತ್ತೆ? ಆ ಬೆಲ್ ಮಾಡೋ ಜೀನು ಎರಡು ಪ್ರತಿ ಇರಬೇಕಾದ್ದು ಎಷ್ಟೋ ಸಲ ಹತ್ತಾರು ಆಗಿರುತ್ತೆ. ಕೆಲವದರಲ್ಲಿ ಜೀನಿನ ಒಂದು ತುಂಡೇ ಹಾರಿಹೋಗಿ, ಬೆಲ್ಲಿಗೆ ಹೊರಗಿನ ಗುಂಡಿನೇ ಇರಲ್ಲ. ಯಾರೂ ಒತ್ತೋದು ಬೇಡ, ತಾನೇ ಬಡಕೊಳ್ತಾ ಇರುತ್ತೆ!"

ಗ್ಯಾಸ್ ತಂದ ಭಯ್ಯಾನಿಗೂ ಇದೇ ಪಾಠ, ಹಿಂದಿಯಲ್ಲಿ. ಆತ ಸಿಲಿಂಡರ್ ಹೊತ್ತುಕೊಂಡೇ ಎಲ್ಲ ಕೇಳಿ, "ಅಚ್ಛಾ ಸಾಬ್, ಹಾಗಾದರೆ ಕರೆಂಟಿನವನನ್ನು ಕರೆಸಿ" ಎಂದು ತನ್ನ ಭಾಷೆಯಲ್ಲಿ ಸಲಹೆ ಕೊಟ್ಟ. ಮುಂದಿನ ಸಲದಿಂದ ಬಾಗಿಲು ಬಡಿಯತೊಡಗಿದ.

ಲ್ಯಾಬಿನಲ್ಲಿ ಗಡ್ಡೆಯ ಚೂರುಗಳಿಗೆ ರೋಗಿಯ ಹೆಸರಿರುವುದಿಲ್ಲ, ನಂಬರ್ ಮಾತ್ರ. "ಹೆಸರು ಗೊತ್ತಾದರೆ ಕೈ ನಡುಗುತ್ತೆ ಕಣಯ್ಯಾ" ಅನ್ನುತ್ತಿದ್ದರು ಭಾವ. ಆ ಚಟ ಮನೆಗೂ ಬಂದು ಅಕ್ಕನ ಡಬ್ಬಿಗಳಿಗೆಲ್ಲ ನಂಬರಿನ ಚೀಟಿ ಅಂಟಿತು. ಪಟ್ಟಿ ಮಾತ್ರ ಭಾವನ ಲ್ಯಾಬಿನ ಡ್ರಾಯರಿನಲ್ಲಿ! ಒಂದು ದಿನ ಅಕ್ಕ ಫೋನ್ ಮಾಡಿದಳು: "ರೀ, ಇಪ್ಪತ್ತೊಂದು ಸಾರಿನ ಪುಡಿನೋ ಹುಳಿ ಪುಡಿನೋ?"

"ಮೊದಲು ಮೂಸಿ ನೋಡಿ ನಿನ್ನ ಅಭಿಪ್ರಾಯ ಬರೆದಿಡು. ಆಮೇಲೆ ಪಟ್ಟಿ ತೆಗೀತೀನಿ."

ಅಂದು ನಮಗೆ ಮೊಸರನ್ನವೇ ಗತಿಯಾಯಿತು. "ಮಾಮಾ, ಪಪ್ಪಾ ಬಿಲ್ಕುಲ್ ಪಾಗಲ್ ಅಲ್ವಾ?" ಎಂದು ಅಕ್ಕನ ಮಗಳು ಕೇಳಿದಳು. ಹೌದೆನ್ನುವಂತಿರಲಿಲ್ಲ; ಅವರ ಮನೆಯ ಅನ್ನ ತಿನ್ನುತ್ತಿದ್ದವನು ನಾನು.

ಹೀಗಿರುವಾಗ ಕೊಡಗಿನ ನಿವೃತ್ತ ಸುಬೇದಾರರೊಬ್ಬರು ಕಾಫಿಪುಡಿ ಹಿಡಿದು ಮನೆಗೆ ಬಂದರು. ಹೆಂಡತಿಯ ತಲೆಯ ಆಪರೇಷನ್ನಿಗೆಂದು ಬಂದು ಸರೋಜಿನಿ ನಗರದ ನೆಂಟರಲ್ಲಿ ಉಳಿದಿದ್ದರು. ತೆಗೆದ ಗಡ್ಡೆಯ ಚೂರನ್ನು ಸಂಶೋಧನೆಗೆ ಕೊಡಲು ಆಕೆಯೂ ಇವರೂ ಒಪ್ಪಿ ರುಜು ಹಾಕುವಾಗ ಭಾವ ಕನ್ನಡದವರೆಂದು ತಿಳಿಯಿತಂತೆ. ಆ ವಾರ ಬಂದದ್ದು ಅದೊಂದೇ ಚೂರು. ಹಾಗಾಗಿ ಆ ನಂಬರ್ ಯಾರದೆಂದು ಭಾವನಿಗೆ ಗೊತ್ತಾಗಿಬಿಟ್ಟಿತ್ತು.

ಬೆಲ್ಲಿನ ಪಾಠವನ್ನು ಸುಬೇದಾರರು ಬೆನ್ನು ನೆಟ್ಟಗೆ ಮಾಡಿಕೊಂಡು ಪೂರ್ತಿ ಕೇಳಿದರು. ಕೊನೆಗೆ, "ಹಾಗಾದ್ರೆ ಆ ಬೆಲ್ಲಿನ ವೈರು ಕಿತ್ತುಬಿಟ್ಟರೆ ಆಗಲ್ವಾ, ಸರ್?" ಎಂದರು.

"ಅದಕ್ಕೇ ಔಷಧ ಹುಡುಕ್ತಿದ್ದೀವಿ. ಇವತ್ತಿಗೆ ಆಗಲ್ಲ" ಎಂದರು ಭಾವ. ಅವರು ಅಷ್ಟು ಚಿಕ್ಕ ಉತ್ತರ ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ವರ್ಷದ ಹುತ್ತರಿ ಸುಗ್ಗಿಹಬ್ಬಕ್ಕೆ ಮೊದಲೇ ಆಕೆ ಊರಿನಲ್ಲಿ ತೀರಿಕೊಂಡರು. ಸುಬೇದಾರರು ಫೋನ್ ಮಾಡಿ, "ಇಲ್ಲಿ ಎಲ್ಲಾ ಮುಗೀತು ಸರ್. ಅವಳದ್ದು ಅಂತ ಉಳಿದಿರೋದು ನಿಮ್ಮ ಹತ್ತಿರ ಇರೋ ಆ ಚೂರು. ಜೋಪಾನ" ಎಂದರಂತೆ. ಆಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಅವರ ಫೋನು. "ಕ್ಷೇಮವೇ ಸರ್?" "ಕ್ಷೇಮ." ಅಷ್ಟೇ ಮಾತು. ನಮ್ಮ ಯೋಗಕ್ಷೇಮ ವಿಚಾರಿಸುತ್ತಾರೆಂದು ಅಕ್ಕ ಹಿಗ್ಗುತ್ತಿದ್ದಳು.

ಮೇ ತಿಂಗಳ ಅಂಥದೇ ಒಂದು ಭಾನುವಾರ ಮಧ್ಯಾಹ್ನ ಲ್ಯಾಬಿನ ಕಾವಲುಗಾರ ಫೋನ್ ಮಾಡಿದ. ಕರೆಂಟ್ ಹೋಗಿದೆ, ಜನರೇಟರ್ ಕೈಕೊಟ್ಟಿದೆ, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್ ಬಿಸಿಯಾಗುತ್ತಿದೆ! ಕರಗಿದರೆ ಚೂರುಗಳೆಲ್ಲ ಹಾಳು. ಭಾವ ಲುಂಗಿಯಲ್ಲೇ ಹೊರಟರು; ಪ್ಯಾಂಟು ಹಿಡಿದು ನಾನು ಹಿಂದೆ ಓಡಿದೆ. ಓಖ್ಲಾದ ಗೋದಾಮೊಂದರಲ್ಲಿ, ಮುಟ್ಟಿದರೆ ಸುಡುವಷ್ಟು ಥಂಡಿಯ ಡ್ರೈ ಐಸನ್ನು ಡಬ್ಬಕ್ಕೆ ತುಂಬಿಸಿಕೊಂಡು ಆಟೋ ಹತ್ತಿದೆವು. ಡಬ್ಬದಿಂದ ಬಿಳಿ ಹೊಗೆ ಬುಸುಬುಸು! ಪೊಲೀಸ್ ಬಿಡುತ್ತಾನೆಯೇ?

"ಇದರಲ್ಲೇನಿದೆ?" ಎಂದ ಹಿಂದಿಯಲ್ಲಿ.

"ಭಾಯಿಸಾಬ್, ನಿಮ್ಮ ಮನೆಯಲ್ಲಿ ಬೆಲ್ ಇದೆಯಾ?" ಎಂದು ಶುರುಮಾಡಿದರು ಭಾವ.

ಜೀನಿನ ತುಂಡು ಹಾರಿಹೋಗುವ ಹೊತ್ತಿಗೆ ಪೊಲೀಸ್ ಕೈಮುಗಿದು, "ಚಲೋ ಚಲೋ, ಜಾವೋ" ಎಂದ. ಆ ಪಾಠದಿಂದ ಲೋಕಕ್ಕೆ ಆದ ಮೊದಲ ಉಪಕಾರ!

ಲ್ಯಾಬಿನಲ್ಲಿ ಇದ್ದ ಒಂದೇ ಜೊತೆ ದಪ್ಪ ಕೈಗವಸನ್ನು ಭಾವ ನನಗೆ ತೊಡಿಸಿದರು. ತಾವು ಪಟ್ಟಿ ನೋಡದೆ ಸೀದಾ ಬರಿಗೈ ಹಾಕಿ ಮೊದಲು ಒಂದು ಸೀಸೆ ತೆಗೆದು, ಕರಗಿಲ್ಲವೆಂದು ನೋಡಿ, ಐಸಿನ ನಡುವೆ ಇಟ್ಟರು. ಉಳಿದವು ಆಮೇಲೆ. ಎಲ್ಲವೂ ಉಳಿದವು.

ಸಂಜೆ ಮನೆಗೆ ಬಂದಾಗ ಫೋನ್ ಬಡಿದುಕೊಳ್ಳುತ್ತಿತ್ತು. ಭಾವನ ಬೆರಳುಗಳು ಥಂಡಿಗೆ ಸುಟ್ಟು ಕೆಂಪಾಗಿದ್ದವು, ರಿಸೀವರ್ ಹಿಡಿಯಲಾಗಲಿಲ್ಲ. ನಾನೇ ಅವರ ಕಿವಿಗೆ ಹಿಡಿದೆ.

"ಕ್ಷೇಮವೇ ಸರ್?"

ಇನ್ನು ಒಂದು ಗಂಟೆ ಸಾಹಸಕಥೆ ಎಂದುಕೊಂಡೆ.

"ಕ್ಷೇಮವಾಗಿದ್ದಾರೆ ಸುಬೇದಾರ್ರೇ. ಇವತ್ತು ಸ್ವಲ್ಪ ಸೆಖೆ ಆಯ್ತು, ಅಷ್ಟೆ. ಈಗ ತಣ್ಣಗೆ ಮಲಗಿದ್ದಾರೆ."

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ ಅಕ್ಕನಿಗೆ ಅದು ಯಾರ ಕ್ಷೇಮವೆಂದು ಆಗ ತಿಳಿಯಿತು. ಬಂದು ಆ ಬೆರಳುಗಳನ್ನು ಸೆರಗಿನಲ್ಲಿ ಹಿಡಿದುಕೊಂಡು ಕೂತಳು. ತನ್ನ ಹಕ್ಕನ್ನು ಅವಳು ಆ ದಿನ ಮತ್ತೆ ಚಲಾಯಿಸಲಿಲ್ಲ.